ಮತಪತ್ರದಲ್ಲಿ ಒಂದೇ ಪ್ರಶ್ನೆ, ಮತದಾರನ ಮನದಲ್ಲಿ ಹತ್ತು ಪ್ರಶ್ನೆ

ಗೋವಾದ ಜನಮತ ಗಣನೆಯಿಂದ ನಮ್ಮ ಸೊಸೈಟಿಯ ಮಹಾಸಭೆಯವರೆಗೆ ಒಂದು ಅವಲೋಕನ

ನಿಗಡಿ: ಚುನಾವಣೆಯಲ್ಲಿ ನಾವು ಒಬ್ಬ ಅಭ್ಯರ್ಥಿಯನ್ನೋ ಒಂದು ಪಕ್ಷವನ್ನೋ ಆರಿಸುತ್ತೇವೆ. ಆರಿಸಿದ್ದು ಸರಿಹೋಗದಿದ್ದರೆ ಐದು ವರ್ಷದ ಬಳಿಕ ಬದಲಾಯಿಸುವ ಅವಕಾಶ ಇದ್ದೇ ಇರುತ್ತದೆ. ಜನಮತ ಗಣನೆಯ ರೀತಿ ಬೇರೆ. ಅಲ್ಲಿ ಜನರ ಮುಂದಿಡುವುದು ಒಂದೇ ಪ್ರಶ್ನೆ, ಉತ್ತರ ಬೇಕು ಅಥವಾ ಬೇಡ. ಒಮ್ಮೆ ತೀರ್ಪು ಬಂದರೆ ಅದು ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಉಳಿಯುತ್ತದೆ. ಇಷ್ಟು ದೊಡ್ಡ ನಿರ್ಧಾರವನ್ನು ಜನಸಾಮಾನ್ಯ ಹೇಗೆ ತೆಗೆದುಕೊಳ್ಳುತ್ತಾನೆ? ಮತಪತ್ರದಲ್ಲಿ ಅಚ್ಚಾದ ಪ್ರಶ್ನೆಗೇ ಉತ್ತರ ಬರೆಯುತ್ತಾನೆಯೇ, ಅಥವಾ ತನ್ನ ಮನೆಯ ಒಲೆ, ನೌಕರಿ, ಭಾಷೆ, ಜಾತಿ, ಸಾಲ ಇವುಗಳನ್ನು ನೆನೆದು ಮುದ್ರೆ ಒತ್ತುತ್ತಾನೆಯೇ?

ಇದು ದೂರದ ದೇಶಗಳ ವಿಚಾರ, ಹೊರನಾಡಿನಲ್ಲಿ ದುಡಿದು ತಿನ್ನುವ ನಮಗೇಕೆ ಎಂದು ಓದುಗ ಬಾಂಧವರು ಕೇಳಬಹುದು. ಆದರೆ ಪುಣೆಯಿಂದ ಒಂದು ರಾತ್ರಿಯ ಪ್ರಯಾಣದ ಗೋವಾದಲ್ಲಿ ಇಂಥ ಮತದಾನ ನಡೆದಿದೆ. ನಮ್ಮ ಗಡಿಭಾಗದ ಕನ್ನಡಿಗರ ಹಳ್ಳಿಗಳಲ್ಲಿ ಅದರ ಪ್ರತಿಧ್ವನಿ ಕೇಳಿಬಂದಿದೆ. ಇನ್ನು ಮದ್ಯದಂಗಡಿ ಮುಚ್ಚುವ ಮತದಾನ, ಹೌಸಿಂಗ್ ಸೊಸೈಟಿಯ ಪುನರ್ನಿರ್ಮಾಣದ ಮತದಾನ ಇವೆಲ್ಲ ನಮ್ಮ ಮನೆ ಬಾಗಿಲಿಗೇ ಬಂದಿರುವ ಸಣ್ಣ ಸಣ್ಣ ಜನಮತ ಗಣನೆಗಳೇ ಆಗಿವೆ.

ಭಾರತದಲ್ಲಿ ನಡೆದ ಜನಮತ ಗಣನೆಗಳು

ನಮ್ಮ ಸಂವಿಧಾನದಲ್ಲಿ ರಾಷ್ಟ್ರಮಟ್ಟದ ಜನಮತ ಗಣನೆಗೆ ಅವಕಾಶ ಕಲ್ಪಿಸಿಲ್ಲ. ಆದರೂ ವಿಶೇಷ ಸಂದರ್ಭಗಳಲ್ಲಿ ಜನರನ್ನು ನೇರವಾಗಿ ಕೇಳಿದ ಉದಾಹರಣೆಗಳಿವೆ. 1948ರ ಫೆಬ್ರವರಿ 20ರಂದು ಜುನಾಗಢದಲ್ಲಿ ನಡೆದ ಮತದಾನದಲ್ಲಿ ಪಾಕಿಸ್ತಾನದ ಪರ ಬಿದ್ದದ್ದು ಕೇವಲ 91 ಮತಗಳು. 1949ರಲ್ಲಿ ಫ್ರೆಂಚರ ವಶದಲ್ಲಿದ್ದ ಚಂದ್ರನಗರದ ಜನ ಭಾರತವನ್ನು ಆರಿಸಿಕೊಂಡರು. 1975ರ ಏಪ್ರಿಲ್ 14ರಂದು ಸಿಕ್ಕಿಂನಲ್ಲಿ 59,637 ಮತಗಳು ವಿಲೀನದ ಪರ, 1,496 ಮತಗಳು ವಿರುದ್ಧ ಬಂದವು. ಈ ಮೂರೂ ಏಕಪಕ್ಷೀಯ ತೀರ್ಪುಗಳು. ಮತದಾರನ ಮನಸ್ಸನ್ನು ಅರಿಯಲು ಇವು ಹೆಚ್ಚು ಸಹಾಯಕ್ಕೆ ಬರುವುದಿಲ್ಲ. ಎರಡೂ ಕಡೆ ಬಲವಿದ್ದು, ನಿಜವಾದ ಪೈಪೋಟಿ ನಡೆದು, ಮನೆ ಮನೆಯಲ್ಲಿ ವಾಗ್ವಾದವಾದದ್ದು ಗೋವಾದಲ್ಲಿ. ಆದ್ದರಿಂದ ಅದನ್ನು ಕೊಂಚ ವಿವರವಾಗಿ ನೋಡೋಣ.

ಹೂವು ಮತ್ತು ಎರಡು ಎಲೆ

1961ರ ಡಿಸೆಂಬರ್ 19ರಂದು ಗೋವಾ ಪೋರ್ಚುಗೀಸರಿಂದ ವಿಮೋಚನೆಗೊಂಡಿತು. 1963ರ ಡಿಸೆಂಬರ್‌ನಲ್ಲಿ ಮೊದಲ ಚುನಾವಣೆ ನಡೆದು, ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷದ ದಯಾನಂದ ಬಾಂದೋಡ್ಕರ್ ಮೊದಲ ಮುಖ್ಯಮಂತ್ರಿಯಾದರು. ಗೋವಾವನ್ನು ಮಹಾರಾಷ್ಟ್ರದಲ್ಲಿ ವಿಲೀನಗೊಳಿಸುವುದೇ ಆ ಪಕ್ಷದ ಮುಖ್ಯ ಧ್ಯೇಯ. ಹೆಸರಿನಲ್ಲೇ ಅದು ಇತ್ತು. ಅವರಿಗೆ ಎದುರಾಗಿ ನಿಂತದ್ದು ಡಾ. ಜ್ಯಾಕ್ ಸಿಕ್ವೇರಾ ನೇತೃತ್ವದ ಯುನೈಟೆಡ್ ಗೋವನ್ಸ್ ಪಕ್ಷ. ಗೋವಾ ಪ್ರತ್ಯೇಕವಾಗಿಯೇ ಉಳಿಯಬೇಕು, ಕೊಂಕಣಿ ಸ್ವತಂತ್ರ ಭಾಷೆ ಎಂಬುದು ಇವರ ವಾದ. ನೆರೆಯ ಮೈಸೂರು ರಾಜ್ಯಕ್ಕೂ ಈ ವಿಲೀನ ಒಪ್ಪಿಗೆಯಿರಲಿಲ್ಲ.

ವಿಧಾನಸಭೆಯ ಬಹುಮತದಿಂದಲೇ ಇಂಥ ವಿಷಯವನ್ನು ತೀರ್ಮಾನಿಸಬಾರದು, ಜನರನ್ನೇ ಕೇಳಬೇಕು ಎಂಬ ಒತ್ತಾಯ ಹೆಚ್ಚಿತು. ಸಂಸತ್ತು 1966ರಲ್ಲಿ ಇದಕ್ಕಾಗಿಯೇ ಕಾನೂನು ಮಾಡಿತು. ಅಧಿಕಾರ ದುರುಪಯೋಗದ ಆರೋಪಕ್ಕೆ ಎಡೆಯಾಗದಂತೆ ಬಾಂದೋಡ್ಕರ್ ಸರಕಾರ 1966ರ ಡಿಸೆಂಬರ್‌ನಲ್ಲಿ ರಾಜೀನಾಮೆ ನೀಡಿತು. 1967ರ ಜನವರಿ 16ರಂದು ಮತದಾನ. ವಿಲೀನದ ಪರ ಇರುವವರಿಗೆ ಹೂವು, ಕೇಂದ್ರಾಡಳಿತ ಪ್ರದೇಶವಾಗಿ ಉಳಿಯಬೇಕೆನ್ನುವವರಿಗೆ ಎರಡು ಎಲೆ ಗುರುತು. ಓದು ಬರಹ ಬಾರದವನಿಗೂ ಅರ್ಥವಾಗುವ ವ್ಯವಸ್ಥೆ.

ಅರ್ಹ ಮತದಾರರು 3,88,432. ಮತ ಹಾಕಿದವರು 3,17,633, ಅಂದರೆ ಸುಮಾರು ಶೇ. 82. ಎರಡು ಎಲೆಗೆ 1,72,191 ಮತ, ಹೂವಿಗೆ 1,38,170 ಮತ ಬಂದವು. ಅಂತರ 34,021. ಇದರ ಅರ್ಧ, ಅಂದರೆ ಹದಿನೇಳು ಸಾವಿರ ಚಿಲ್ಲರೆ ಜನ ಆ ದಿನ ಮನಸ್ಸು ಬದಲಾಯಿಸಿ ಅತ್ತಲಿಂದ ಇತ್ತ ಹೋಗಿದ್ದರೆ ಇಂದು ಗೋವಾ ಮಹಾರಾಷ್ಟ್ರದ ಒಂದು ಜಿಲ್ಲೆಯಾಗಿರುತ್ತಿತ್ತು.

ಯಾರು ಯಾಕೆ ಮತ ಹಾಕಿದರು?

ಮೊದಲನೆಯದು ಧರ್ಮ. ಕ್ರೈಸ್ತ ಬಾಂಧವರು ಬಹುಮಟ್ಟಿಗೆ ವಿಲೀನಕ್ಕೆ ವಿರುದ್ಧವಾಗಿದ್ದರು. ಅವರು ಹೆಚ್ಚಿರುವ ಸಾಲ್ಸೆಟ್ ತಾಲ್ಲೂಕಿನಲ್ಲಿ ಎರಡು ಎಲೆಗೆ ಭಾರೀ ಮತ ಬಿತ್ತು. ಹಿಂದೂಗಳು ಹೆಚ್ಚಿರುವ ಪೆಡ್ಣೆ, ಡಿಚೋಲಿ, ಸತ್ತರಿ ಕಡೆಗಳಲ್ಲಿ ಹೂವಿನ ಬಲ ಜಾಸ್ತಿ. ಇಷ್ಟೇ ಆಗಿದ್ದರೆ ಲೆಕ್ಕ ಸುಲಭ. ಆದರೆ ಅಂದಿನ ಗೋವಾದಲ್ಲಿ ಹಿಂದೂಗಳೇ ಬಹುಸಂಖ್ಯಾತರು. ಧರ್ಮವೊಂದೇ ನಿರ್ಧರಿಸುವುದಾಗಿದ್ದರೆ ಹೂವು ಗೆಲ್ಲಬೇಕಾಗಿತ್ತು. ಗೆಲ್ಲಲಿಲ್ಲ ಎಂದರೆ ಗಣನೀಯ ಸಂಖ್ಯೆಯ ಹಿಂದೂಗಳು ಎರಡು ಎಲೆಗೆ ಮತ ಹಾಕಿದ್ದಾರೆ ಎಂದೇ ಅರ್ಥ.

ಎರಡನೆಯದು ಜಾತಿ ಮತ್ತು ಭೂಮಿ. ಬಾಂದೋಡ್ಕರ್ ಅವರ ಬೆನ್ನಿಗಿದ್ದುದು ಬಹುಜನ ಸಮಾಜ, ಅಂದರೆ ಗೇಣಿದಾರರು, ಕೂಲಿಕಾರರು, ಮೇಲ್ಜಾತಿಯ ಭಾಟಕಾರ ಜಮೀನುದಾರರ ಕೆಳಗೆ ತಲೆತಲಾಂತರ ದುಡಿದವರು. ಇವರಲ್ಲಿ ಅನೇಕರಿಗೆ ವಿಲೀನ ಎಂದರೆ ಧಣಿಯ ಹಿಡಿತದಿಂದ ಬಿಡುಗಡೆ. ಮಹಾರಾಷ್ಟ್ರದಲ್ಲಿ ಗೇಣಿ ಕಾನೂನು ಬಂದಿದೆ, ಅಲ್ಲಿ ಸೇರಿದರೆ ನಮಗೂ ನ್ಯಾಯ ಸಿಗುತ್ತದೆ ಎಂಬ ಆಸೆ. ನಮ್ಮ ದಕ್ಷಿಣ ಕನ್ನಡ, ಉತ್ತರ ಕನ್ನಡದ ಹಿರಿಯರಿಗೆ ಈ ಮಾತು ಬೇಗ ಅರ್ಥವಾದೀತು. ಉಳುವವನೇ ಹೊಲದೊಡೆಯ ಎಂಬ ಕಾನೂನು ಜಾರಿಗೆ ಬಂದ ಕಾಲದಲ್ಲಿ ಗೇಣಿದಾರನ ಮನೆಯಲ್ಲಿ ಯಾವ ಮಾತು ನಡೆಯುತ್ತಿತ್ತು, ಧಣಿಯ ಮನೆಯಲ್ಲಿ ಯಾವ ಮಾತು ನಡೆಯುತ್ತಿತ್ತು ಎಂಬುದನ್ನು ಅವರು ಕಂಡವರು. ಗೋವಾದಲ್ಲಿ 1964ರಲ್ಲೇ ಗೇಣಿ ಕಾನೂನು ಬಂದಿತ್ತು. ವಿಲೀನವಾಗದೆಯೂ ಭೂಸುಧಾರಣೆ ಸಾಧ್ಯ ಎಂಬ ಭರವಸೆ ಇದರಿಂದ ಕೆಲವರಿಗಾದರೂ ಮೂಡಿರಬಹುದು.

ಮೂರನೆಯದು ನೌಕರಿ. ಚಿಕ್ಕ ಕೇಂದ್ರಾಡಳಿತ ಪ್ರದೇಶ ಎಂದರೆ ಅದಕ್ಕೆ ಅದರದ್ದೇ ಸೆಕ್ರೆಟರಿಯೇಟ್, ಅದರದ್ದೇ ಇಲಾಖೆಗಳು, ಕೇಂದ್ರದ ಅನುದಾನ. ದೊಡ್ಡ ರಾಜ್ಯದ ಮೂಲೆಯ ಜಿಲ್ಲೆಯಾದರೆ ಎಲ್ಲದಕ್ಕೂ ಮುಂಬಯಿಗೆ ಹೋಗಿ ಸಾಲಿನಲ್ಲಿ ನಿಲ್ಲಬೇಕು, ಹೊರಗಿನ ಅಧಿಕಾರಿಗಳು ಬಂದು ಕುಳಿತರೆ ನಮ್ಮ ಹುಡುಗರಿಗೆ ಕೆಲಸ ಎಲ್ಲಿ ಎಂಬ ಆತಂಕ ಓದಿದ ಮಧ್ಯಮ ವರ್ಗದ ಹಿಂದೂಗಳಲ್ಲೂ ಇತ್ತು. ಸರಕಾರಿ ನೌಕರಿಯ ಬೆಲೆ ಬಲ್ಲ ಯಾರೂ ಇದನ್ನು ಸಣ್ಣ ವಿಷಯ ಎನ್ನಲಾರರು.

ನಾಲ್ಕನೆಯದು ಎಲ್ಲಕ್ಕಿಂತ ಸ್ವಾರಸ್ಯಕರ. ಮಹಾರಾಷ್ಟ್ರದಲ್ಲಿ ಪಾನನಿರೋಧ ಕಾಯಿದೆ ಇತ್ತು. ಗೋವಾದಲ್ಲಿ ತೆಂಗಿನ ಮರ ಹತ್ತಿ ಶೇಂದಿ ಇಳಿಸುವವರು, ಗೋಡಂಬಿ ಹಣ್ಣಿನಿಂದ ಫೆನಿ ತೆಗೆಯುವವರು, ಊರೂರಲ್ಲಿ ಸಣ್ಣ ಸಾರಾಯಿ ಅಂಗಡಿ ಇಟ್ಟವರು ಸಾವಿರಾರು ಮಂದಿ. ವಿಲೀನವಾದರೆ ನಾಳೆಯಿಂದ ಮರ ಹತ್ತುವುದು ಅಪರಾಧ ಎಂಬ ಪ್ರಚಾರ ಇವರ ಕಿವಿಗೆ ತಲುಪಿತು. ಭಾಷೆ, ಸಂಸ್ಕೃತಿ, ಇತಿಹಾಸ ಎಂದು ವೇದಿಕೆಯಲ್ಲಿ ಎಷ್ಟೇ ಭಾಷಣ ನಡೆಯಲಿ, ಮರ ಹತ್ತುವವನ ಪ್ರಶ್ನೆ ನಾಳೆಯ ಗಂಜಿಯದ್ದು.

ಐದನೆಯದು ಪ್ರಚಾರದ ಭಾಷೆ. ವಿಲೀನದ ಪರ ಮರಾಠಿಯ ‘ಗೋಮಾಂತಕ’ ದೈನಿಕ ಪ್ರಬಲವಾಗಿತ್ತು. ವಿರೋಧಿಗಳು ಕೊಂಕಣಿಯ ಹೆಮ್ಮೆಯನ್ನು ಹೇಳಿದರೂ ಪತ್ರಿಕೆ ನಡೆಸಿದ್ದು ಮರಾಠಿಯಲ್ಲಿ. ಮಡಗಾಂವ್‌ನ ‘ರಾಷ್ಟ್ರಮತ’ ಪತ್ರಿಕೆಯಲ್ಲಿ ಉದಯ ಭೇಂಬ್ರೆ ಅವರು ಬರೆಯುತ್ತಿದ್ದ ‘ಬ್ರಹ್ಮಾಸ್ತ್ರ’ ಅಂಕಣ ಮರಾಠಿ ಓದುವ ಹಿಂದೂ ಮನೆಗಳಿಗೆ ವಿಲೀನ ವಿರೋಧದ ವಾದವನ್ನು ಮುಟ್ಟಿಸಿತು. ಉಲ್ಹಾಸ ಬುಯಾಂವ್ ಅವರ ಕೊಂಕಣಿ ಹಾಡುಗಳು ಓದಲು ಬಾರದವರನ್ನು ತಲುಪಿದವು. ಜನರು ಓದುವ ಭಾಷೆಯಲ್ಲಿ, ಜನರು ಕೇಳುವ ದನಿಯಲ್ಲಿ ಹೇಳಿದ ಮಾತಿಗೆ ಬೆಲೆ ಇದೆ ಎಂಬುದನ್ನು ಕನ್ನಡ ಸಂಘಗಳವರು ಇಲ್ಲಿ ಗಮನಿಸಬೇಕು.

ಇಷ್ಟಾಗಿ ಮುಂದೆ ನಡೆದದ್ದು ಇನ್ನೂ ವಿಶೇಷ. ಎರಡೇ ತಿಂಗಳ ಬಳಿಕ, 1967ರ ಮಾರ್ಚ್‌ನಲ್ಲಿ ವಿಧಾನಸಭಾ ಚುನಾವಣೆ ನಡೆದಾಗ ಅದೇ ಗೋವಾದ ಜನ ವಿಲೀನವಾದಿ ಬಾಂದೋಡ್ಕರ್ ಅವರನ್ನೇ ಮತ್ತೆ ಮುಖ್ಯಮಂತ್ರಿಯನ್ನಾಗಿ ಮಾಡಿದರು. ಜನರಿಗೆ ಬುದ್ಧಿ ಇಲ್ಲ ಎಂದು ಕೆಲವರು ನಕ್ಕಿರಬಹುದು. ವಾಸ್ತವದಲ್ಲಿ ಜನ ಬಹಳ ಲೆಕ್ಕಾಚಾರದಿಂದ ನಡೆದುಕೊಂಡಿದ್ದರು. ಶಾಲೆ ತೆರೆಸುವ, ಬಡವರ ಪರ ನಿಲ್ಲುವ ನಾಯಕ ಬೇಕು, ಆದರೆ ಊರಿನ ಪ್ರತ್ಯೇಕತೆ ಕಳೆದುಕೊಳ್ಳುವುದು ಬೇಡ. ಎರಡು ಬೇರೆ ಪ್ರಶ್ನೆಗಳಿಗೆ ಎರಡು ಬೇರೆ ಉತ್ತರಗಳನ್ನು ಕೊಟ್ಟರು. ಬಾಂದೋಡ್ಕರ್ ಅವರೂ ಜನರ ತೀರ್ಪಿಗೆ ತಲೆಬಾಗಿ ಆಡಳಿತ ನಡೆಸಿದರು ಎಂಬುದು ಉಲ್ಲೇಖನೀಯ. 1987ರ ಮೇ 30ರಂದು ಗೋವಾ ಪೂರ್ಣ ರಾಜ್ಯವಾಯಿತು.

ಹೊರಗಿದ್ದವರಿಗೆ ಮತವಿರಲಿಲ್ಲ

ಹೊರನಾಡ ಕನ್ನಡಿಗರಾದ ನಮಗೆ ಮುಟ್ಟುವ ಇನ್ನೊಂದು ಅಂಶವಿದೆ. ಮುಂಬಯಿಯಲ್ಲೂ ಬೇರೆಡೆಗಳಲ್ಲೂ ನೆಲೆಸಿದ್ದ ಅಸಂಖ್ಯ ಗೋವನ್ನರು ತಮಗೂ ಮತದಾನದ ಹಕ್ಕು ಕೊಡಬೇಕೆಂದು ಕೇಳಿದ್ದರು. ಬೇಡಿಕೆ ಈಡೇರಲಿಲ್ಲ. ಗೋವಾದಲ್ಲಿ ವಾಸವಿದ್ದವರಿಗೆ ಮಾತ್ರ ಮತ. ತಿಂಗಳು ತಿಂಗಳು ಮನಿಆರ್ಡರ್ ಕಳುಹಿಸಿ ಊರಿನ ಮನೆ ನಡೆಸುತ್ತಿದ್ದವರಿಗೆ ಊರಿನ ಭವಿಷ್ಯದ ಬಗ್ಗೆ ಮಾತಿರಲಿಲ್ಲ.

1947ರ ಜುಲೈನಲ್ಲಿ ಅಸ್ಸಾಮಿನ ಸಿಲ್ಹೆಟ್ ಜಿಲ್ಲೆಯಲ್ಲಿ, ಅದು ಪೂರ್ವ ಬಂಗಾಳಕ್ಕೆ ಸೇರಬೇಕೇ ಎಂಬ ಜನಮತ ಗಣನೆ ನಡೆಯಿತು. ಸೇರಬೇಕು ಎಂದವರು 2,39,619, ಬೇಡ ಎಂದವರು 1,84,041. ಅಲ್ಲಿನ ಚಹಾತೋಟಗಳಲ್ಲಿ ದುಡಿಯುತ್ತಿದ್ದ ಕಾರ್ಮಿಕರನ್ನು ಹೊರಗಿನಿಂದ ಬಂದವರು ಎಂಬ ಕಾರಣಕ್ಕೆ ಮತದಾನದಿಂದ ದೂರ ಇಡಲಾಗಿತ್ತು. ಗೋವಾದಲ್ಲಿ ಊರು ಬಿಟ್ಟು ಹೋದವನಿಗೆ ಮತವಿಲ್ಲ, ಸಿಲ್ಹೆಟ್‌ನಲ್ಲಿ ಹೊರಗಿನಿಂದ ಬಂದು ದುಡಿಯುವವನಿಗೂ ಮತವಿಲ್ಲ. ಹೊಟ್ಟೆಪಾಡಿಗಾಗಿ ಊರು ಬದಲಿಸಿದವನು ಎರಡೂ ಕಡೆ ಲೆಕ್ಕಕ್ಕೆ ಸಿಗದೆ ಹೋಗುವ ಅಪಾಯ ಇಂದಿಗೂ ತಪ್ಪಿಲ್ಲ. 2014ರ ಸ್ಕಾಟ್ಲೆಂಡಿನ ಜನಮತ ಗಣನೆಯಲ್ಲಿ ಲಂಡನ್ನಿನಲ್ಲಿದ್ದ ಸ್ಕಾಟಿಷ್ ಜನರಿಗೆ ಮತವಿರಲಿಲ್ಲ. ಅದೇ ವೇಳೆ ಸ್ಕಾಟ್ಲೆಂಡಿನಲ್ಲಿ ವಾಸವಿದ್ದ ಯುರೋಪಿನ ಇತರ ದೇಶದವರಿಗೆ ಇತ್ತು. ಮತದಾರರ ಪಟ್ಟಿ ಬರೆಯುವಾಗಲೇ ಅರ್ಧ ಫಲಿತಾಂಶ ಬರೆದಂತಾಗುತ್ತದೆ.

ಬೇರೆ ದೇಶಗಳು ಹೇಳುವುದೇನು?

2012ರಲ್ಲಿ ಸ್ವಿಟ್ಜರ್‌ಲೆಂಡಿನ ಜನರ ಮುಂದೆ ಒಂದು ಪ್ರಶ್ನೆ ಬಂತು. ಎಲ್ಲ ಕೆಲಸಗಾರರಿಗೂ ವರ್ಷಕ್ಕೆ ಆರು ವಾರ ಸಂಬಳ ಸಹಿತ ರಜೆ ಬೇಕೇ? ನಮ್ಮ ಬ್ಯಾಂಕ್ ನೌಕರರ ಯೂನಿಯನ್ನಿನಲ್ಲಿ ಇಂಥ ಪ್ರಶ್ನೆ ಬಂದಿದ್ದರೆ ಫಲಿತಾಂಶ ಹೇಳಲು ಜ್ಯೋತಿಷಿ ಬೇಕಾಗಿರಲಿಲ್ಲ. ಸ್ವಿಸ್ ಜನರಲ್ಲಿ ಮೂರರಲ್ಲಿ ಎರಡು ಪಾಲು ಮಂದಿ ಬೇಡ ಎಂದರು. ರಜೆ ಹೆಚ್ಚಾದರೆ ಸಣ್ಣ ಉದ್ದಿಮೆಗಳಿಗೆ ಹೊರೆಯಾಗುತ್ತದೆ, ಕೊನೆಗೆ ಕೆಲಸಕ್ಕೇ ಕುತ್ತು ಬರುತ್ತದೆ ಎಂಬ ಭಯ ರಜೆಯ ಆಸೆಯನ್ನು ಮೀರಿಸಿತು.

ಕೆನಡಾದ ಕ್ವೆಬೆಕ್ ಪ್ರಾಂತ್ಯದಲ್ಲಿ 1995ರ ಅಕ್ಟೋಬರ್ 30ರಂದು ಪ್ರತ್ಯೇಕ ದೇಶದ ಪ್ರಶ್ನೆ ಬಂದಾಗ ಶೇ. 50.58 ಬೇಡ, ಶೇ. 49.42 ಬೇಕು ಎಂಬ ಕೂದಲೆಳೆಯ ತೀರ್ಪು. ಫ್ರೆಂಚ್ ಮಾತನಾಡುವವರಲ್ಲಿ ಹೆಚ್ಚಿನವರು ಬೇಕು ಎಂದರು, ಉಳಿದ ಭಾಷಿಕರು ಬಹುತೇಕ ಒಟ್ಟಾಗಿ ಬೇಡ ಎಂದರು. ಅಲ್ಲಿ ಭಾಷೆಯೇ ಪ್ರಧಾನ. ಸ್ಕಾಟ್ಲೆಂಡಿನಲ್ಲಿ ಪೌಂಡ್ ಉಳಿಯುತ್ತದೆಯೇ, ಪಿಂಚಣಿ ಏನಾಗುತ್ತದೆ ಎಂಬ ಚಿಂತೆಯಲ್ಲಿ ಹಿರಿಯರು ಬೇಡ ಎಂಬ ಕಡೆಗೆ ವಾಲಿದರು. ಒಟ್ಟು ಶೇ. 55 ಮಂದಿ ಪ್ರತ್ಯೇಕತೆಯನ್ನು ನಿರಾಕರಿಸಿದರು.

ಆದರೆ ಜೇಬಿನ ಲೆಕ್ಕವೇ ಸರ್ವಸ್ವ ಎನ್ನುವಂತೆಯೂ ಇಲ್ಲ. 2016ರ ಜೂನ್ 23ರಂದು ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬರಲು ಶೇ. 51.9 ಮತ ನೀಡಿತು. ಒಕ್ಕೂಟದಿಂದ ಅತಿ ಹೆಚ್ಚು ಅನುದಾನ ಪಡೆಯುತ್ತಿದ್ದ ವೇಲ್ಸ್ ಮತ್ತು ಕಾರ್ನ್‌ವಾಲ್ ಪ್ರದೇಶಗಳೂ ಹೊರಬರುವ ಪರವೇ ನಿಂತವು. ಗಣಿ, ಕಾರ್ಖಾನೆ ಮುಚ್ಚಿದ ಊರುಗಳಲ್ಲಿ, ನಮ್ಮನ್ನು ಯಾರೂ ಕೇಳುವವರಿಲ್ಲ ಎಂಬ ಸಿಟ್ಟು ಅನುದಾನದಿಂದ ತಣಿಯಲಿಲ್ಲ. ಕಾಲೇಜು ಮೆಟ್ಟಿಲು ಹತ್ತಿದವರು ಮತ್ತು ಯುವಕರು ಹೆಚ್ಚಾಗಿ ಒಕ್ಕೂಟದಲ್ಲಿ ಉಳಿಯುವ ಪರ, ಹಿರಿಯರು ಮತ್ತು ಓದು ಕಡಿಮೆಯಿದ್ದವರು ಹೆಚ್ಚಾಗಿ ಹೊರಬರುವ ಪರ ಇದ್ದರು. ಗೌರವ ಸಿಗದ ಕಡೆ ದುಡ್ಡು ಕೊಟ್ಟರೂ ಮನಸ್ಸು ಸಿಗುವುದಿಲ್ಲ.

ಗಡಿಯಲ್ಲಿ ಆಯೋಗ, ಹಳ್ಳಿಯಲ್ಲಿ ನೀರು

ಗೋವಾದಲ್ಲಿ ಮತದಾನದ ಸಿದ್ಧತೆ ನಡೆಯುತ್ತಿದ್ದ ದಿನಗಳಲ್ಲೇ, 1966ರ ಅಕ್ಟೋಬರ್‌ನಲ್ಲಿ, ಮಹಾರಾಷ್ಟ್ರ ಮತ್ತು ಮೈಸೂರು ರಾಜ್ಯಗಳ ಗಡಿ ವಿವಾದಕ್ಕಾಗಿ ನ್ಯಾಯಮೂರ್ತಿ ಮೆಹರ್‌ಚಂದ್ ಮಹಾಜನ್ ಅವರ ಏಕಸದಸ್ಯ ಆಯೋಗ ನೇಮಕವಾಯಿತು. ಗೋವಾದವರ ಕೈಗೆ ಮತಪತ್ರ ಬಂತು, ಗಡಿಭಾಗದವರ ಪಾಲಿಗೆ ವರದಿ ಬಂತು. 1967ರ ಆಗಸ್ಟ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ 264 ಹಳ್ಳಿಗಳನ್ನು ಮಹಾರಾಷ್ಟ್ರಕ್ಕೂ, ಜತ್, ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ ಮುಂತಾದ ಕಡೆಯ 247 ಹಳ್ಳಿಗಳನ್ನು ಕರ್ನಾಟಕಕ್ಕೂ ಕೊಡಬೇಕು, ಬೆಳಗಾವಿ ಕರ್ನಾಟಕದಲ್ಲೇ ಉಳಿಯಬೇಕು ಎಂದಿತ್ತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿಗೆ ದಾವೆ ಹೋಯಿತು. ಹಳ್ಳಿಯವರನ್ನು ಯಾರೂ ಮತಪತ್ರ ಕೊಟ್ಟು ಕೇಳಲಿಲ್ಲ.

ಕೇಳದಿದ್ದರೂ ಅವರು ಹೇಳಿದರು. ಸಾಂಗ್ಲಿ ಜಿಲ್ಲೆಯ ಜತ್ ತಾಲ್ಲೂಕಿನ ಪೂರ್ವ ಭಾಗದ ಹಳ್ಳಿಗಳಲ್ಲಿ ಮನೆಮಾತು ಕನ್ನಡ, ಶಾಲೆ ಕನ್ನಡ, ಬೀಗತನ ವಿಜಯಪುರ ಜಿಲ್ಲೆಯೊಡನೆ. 2012ರ ಸುಮಾರಿಗೆ ಸುಮಾರು 40 ಗ್ರಾಮಗಳು ಕರ್ನಾಟಕಕ್ಕೆ ಸೇರುತ್ತೇವೆ ಎಂದು ಠರಾವು ಮಾಡಿದವು. ಭಾಷೆಯ ಕಾರಣಕ್ಕೆ ಎಂದು ದೂರದಲ್ಲಿದ್ದ ನಾವು ಭಾವಿಸಿದೆವು. ಆ ಹಳ್ಳಿಗಳವರು ಮುಂದಿಟ್ಟ ಮೊದಲ ಮಾತು ನೀರು. ಬರದ ಸೀಮೆ, ಟ್ಯಾಂಕರ್ ನಂಬಿದ ಬದುಕು. ಗಡಿಯಾಚೆ ಕೃಷ್ಣಾ ನೀರು ಬಂದು ಹೊಲ ಹಸಿರಾಗುತ್ತಿರುವುದು ಕಣ್ಣಿಗೆ ಕಾಣುತ್ತಿತ್ತು.

2022ರ ನವೆಂಬರ್‌ನಲ್ಲಿ ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಈ ಠರಾವುಗಳನ್ನು ನೆನಪಿಸಿದಾಗ ಎರಡೂ ರಾಜ್ಯಗಳಲ್ಲಿ ಕಾವೇರಿತು. ಠರಾವು ಹಳೆಯದು, ನೀರಿಗಾಗಿ ಮಾಡಿದ್ದು ಎಂದು ಮಹಾರಾಷ್ಟ್ರ ಉತ್ತರಿಸಿತು. ಕೆಲವೇ ವಾರಗಳಲ್ಲಿ ಜತ್‌ಗಾಗಿ ಸುಮಾರು 2,000 ಕೋಟಿ ರೂಪಾಯಿಯ ಮ್ಹೈಸಾಳ ವಿಸ್ತರಣಾ ಯೋಜನೆಗೆ ವೇಗ ಸಿಕ್ಕಿತು. ಅತ್ತ ಕರ್ನಾಟಕದ ತುಬಚಿ-ಬಬಲೇಶ್ವರ ಯೋಜನೆಯ ನೀರೂ ಜತ್ ಕಡೆ ಹರಿಯಿತು. ಐದು ದಶಕ ಮನವಿ ಕೊಟ್ಟರೂ ಬಾರದ ನೀರು, ಬೇರೆ ಮನೆಗೆ ಹೋಗುತ್ತೇವೆ ಎಂದ ಕೂಡಲೇ ಎರಡೂ ದಿಕ್ಕಿನಿಂದ ಬಂತು! ಅಕ್ಕಲಕೋಟೆ ತಾಲ್ಲೂಕಿನ ಕೆಲವು ಗ್ರಾಮ ಪಂಚಾಯತಿಗಳೂ ಅದೇ ವೇಳೆ ರಸ್ತೆ, ನೀರು, ವಿದ್ಯುತ್ತಿನ ಕೊರತೆ ಹೇಳಿ ಇಂಥದೇ ಠರಾವು ಮಾಡಿದ್ದವು.

ಹಾಗಾದರೆ ಭಾಷೆಗೆ ಬೆಲೆ ಇಲ್ಲವೇ ಎಂದರೆ ಇದೆ. ಅವರು ತಮ್ಮ ಕಷ್ಟ ಹೇಳಿಕೊಳ್ಳಲು ಕರ್ನಾಟಕದ ಹೆಸರನ್ನೇ ಎತ್ತಿದ್ದು ಆ ಭಾಷೆಯ ನಂಟಿನಿಂದ. ಆದರೆ ಬರೀ ನಂಟಿನಿಂದ ಕೊಡ ತುಂಬುವುದಿಲ್ಲ. ನಿಗಡಿ, ಆಕುರ್ಡಿ, ಚಿಖಲಿ ಕಡೆ ಕಟ್ಟಡ ಕೆಲಸಕ್ಕೆ ಬಂದವರಲ್ಲಿ ಜತ್, ಅಕ್ಕಲಕೋಟೆ, ಇಂಡಿ ಕಡೆಯ ನಮ್ಮವರು ಸಿಗುತ್ತಾರೆ. ನೀರಿದ್ದಿದ್ದರೆ ಇವರಲ್ಲಿ ಎಷ್ಟೋ ಮಂದಿ ಹೊಲದಲ್ಲೇ ಇರುತ್ತಿದ್ದರು.

ನಿಂತ ಬಾಟಲಿ, ಮಲಗಿದ ಬಾಟಲಿ

ಈಗ ಮನೆ ಬಾಗಿಲಿಗೆ ಬರೋಣ. ಮಹಾರಾಷ್ಟ್ರದಲ್ಲಿ ಮದ್ಯದಂಗಡಿ ಮುಚ್ಚಿಸಲು ಮತದಾನ ನಡೆಸುವ ವ್ಯವಸ್ಥೆ ಇದೆ. 2008ರ ಸರಕಾರಿ ಆದೇಶದ ಪ್ರಕಾರ ಗ್ರಾಮದ ಅಥವಾ ನಗರದ ವಾರ್ಡಿನ ಶೇ. 25ರಷ್ಟು ಮಹಿಳಾ ಮತದಾರರು ಸಹಿ ಹಾಕಿ ಅರ್ಜಿ ಕೊಟ್ಟರೆ ಗುಪ್ತ ಮತದಾನ ನಡೆಸಬೇಕಾಗುತ್ತದೆ. ಮತಪತ್ರದಲ್ಲಿ ಎರಡು ಚಿತ್ರ. ‘ಉಭಿ ಬಾಟ್ಲಿ’ ಎಂದರೆ ನಿಂತ ಬಾಟಲಿ, ಅಂಗಡಿ ಇರಲಿ. ‘ಆಡವಿ ಬಾಟ್ಲಿ’ ಎಂದರೆ ಮಲಗಿದ ಬಾಟಲಿ, ಅಂಗಡಿ ಬೇಡ. ಗೋವಾದ ಹೂವು ಮತ್ತು ಎಲೆಯ ಹಾಗೆಯೇ.

ಇಲ್ಲಿ ಒಂದು ಲೆಕ್ಕವನ್ನು ನಮ್ಮ ಮಹಿಳಾ ವಿಭಾಗದ ಸದಸ್ಯೆಯರು ಚೆನ್ನಾಗಿ ತಿಳಿದಿರಬೇಕು. ಅಂಗಡಿ ಮುಚ್ಚಲು ಬೇಕಾದ್ದು ಬಂದ ಮತಗಳ ಅರ್ಧವಲ್ಲ, ಪಟ್ಟಿಯಲ್ಲಿರುವ ಒಟ್ಟು ಮತದಾರರ ಅರ್ಧಕ್ಕಿಂತ ಹೆಚ್ಚು. ಪಟ್ಟಿಯಲ್ಲಿ 1,000 ಮಹಿಳೆಯರಿದ್ದು, 600 ಮಂದಿ ಬಂದು, ಅವರಲ್ಲಿ 480 ಮಂದಿ ಮಲಗಿದ ಬಾಟಲಿಗೆ ಮತ ಹಾಕಿದರು ಎನ್ನಿ. ಬಂದವರಲ್ಲಿ ಶೇ. 80 ಆಯಿತು. ಆದರೂ ಅಂಗಡಿ ಮುಚ್ಚುವುದಿಲ್ಲ. ಮನೆಯಲ್ಲಿ ಕುಳಿತ 400 ಮಂದಿಯೂ ಅಂಗಡಿಯ ಪರ ಮತ ಹಾಕಿದ ಲೆಕ್ಕವೇ ಆಗುತ್ತದೆ. ಕೂಲಿ ಮಾಡುವ ಹೆಂಗಸಿಗೆ ಸಾಲಿನಲ್ಲಿ ನಿಲ್ಲುವುದೆಂದರೆ ಒಂದು ದಿನದ ಕೂಲಿ ಹೋದಂತೆ. ಮನೆಗೆಲಸಕ್ಕೆ ಹೋಗುವವಳಿಗೆ ಯಜಮಾನತಿ ರಜೆ ಕೊಡಬೇಕು. ಬಾಡಿಗೆ ಮನೆ ಬದಲಿಸುತ್ತಾ ಹೋದವಳ ಹೆಸರು ಪಟ್ಟಿಯಲ್ಲೇ ಇರುವುದಿಲ್ಲ. ಕುಡಿತದಿಂದ ಅತಿ ಹೆಚ್ಚು ಕಷ್ಟಪಡುವವಳಿಗೇ ಮತಗಟ್ಟೆ ಅತಿ ದೂರ.

ಇನ್ನೊಂದು ಮಗ್ಗುಲನ್ನೂ ನೋಡಬೇಕು. ಪುಣೆ, ಪಿಂಪ್ರಿ-ಚಿಂಚ್ವಾಡದಲ್ಲಿ ಹೋಟೆಲ್, ಬಾರ್ ಆ್ಯಂಡ್ ರೆಸ್ಟೋರೆಂಟ್ ಉದ್ಯಮದಲ್ಲಿ ಕರಾವಳಿಯ ನಮ್ಮ ಬಾಂಧವರು ಅನೇಕರಿದ್ದಾರೆ. ಸಾಲ ಮಾಡಿ, ಪರವಾನಗಿ ಶುಲ್ಕ ಕಟ್ಟಿ, ಊರಿನ ಹತ್ತಾರು ಹುಡುಗರಿಗೆ ಕೆಲಸ ಕೊಟ್ಟವರು. ಸಂಘಗಳ ಕನ್ನಡ ಶಾಲೆ, ಯಕ್ಷಗಾನ, ವಿದ್ಯಾರ್ಥಿವೇತನಕ್ಕೆ ಕೈಬಿಚ್ಚಿ ಕೊಟ್ಟವರು. ಅದೇ ವಾರ್ಡಿನ ಗುಡಿಸಲಿನಲ್ಲಿ ವಿಜಯಪುರದ ಕಡೆಯ ಕೂಲಿಕಾರನ ಹೆಂಡತಿ ಗಂಡನ ವಾರದ ಪಗಾರ ಮನೆಗೆ ಬಾರದೆ ಕುಳಿತಿರುತ್ತಾಳೆ. ಇಬ್ಬರೂ ಕನ್ನಡಿಗರು. ರಾಜ್ಯೋತ್ಸವದ ದಿನ ಒಂದೇ ನಾಡಗೀತೆಗೆ ಎದ್ದು ನಿಲ್ಲುವವರು. ಬಾಟಲಿಯ ಮತಪತ್ರ ಬಂದರೆ ಇಬ್ಬರ ಮುದ್ರೆ ಬೇರೆ ಬೇರೆ ಚಿತ್ರದ ಮೇಲೆ ಬೀಳುತ್ತದೆ. ಒಬ್ಬರನ್ನು ಕೆಟ್ಟವರು, ಇನ್ನೊಬ್ಬರನ್ನು ಒಳ್ಳೆಯವರು ಎಂದು ಬಿಡುವುದು ಸುಲಭ. ಗೋವಾದ ಶೇಂದಿ ಇಳಿಸುವವನನ್ನು ನೆನೆದರೆ ಅಷ್ಟು ಸುಲಭವಾಗಿ ತೀರ್ಪು ಕೊಡಲಾಗುವುದಿಲ್ಲ. ಇಂಥ ಹೊತ್ತಿನಲ್ಲಿ ಸಂಘ ಯಾರ ಪರ ನಿಲ್ಲಬೇಕು ಎಂಬ ಪ್ರಶ್ನೆಯನ್ನು ನಾವು ವೇದಿಕೆಯ ಮೇಲೆ ಎತ್ತಿದ್ದು ತೀರ ಕಡಿಮೆ. ಕಡೆಯ ಪಕ್ಷ ಇಬ್ಬರ ಮಾತನ್ನೂ ಕೂರಿಸಿ ಕೇಳುವಷ್ಟು ಜಾಗ ಸಂಘದ ಸಭಾಗೃಹದಲ್ಲಿ ಇರಬೇಕು. ದೇಣಿಗೆ ಕೊಡಲಾರದವಳ ಮಾತಿಗೂ ಅಲ್ಲಿ ಕುರ್ಚಿ ಸಿಗಬೇಕು.

ಸೊಸೈಟಿಯ ಮಹಾಸಭೆ

ನಿಗಡಿ ಪ್ರಾಧಿಕರಣದ ಹಳೆಯ ಕಟ್ಟಡಗಳಲ್ಲಿ ಈಗ ಎಲ್ಲರ ಬಾಯಲ್ಲೂ ಒಂದೇ ಮಾತು, ರೀಡೆವಲಪ್‌ಮೆಂಟ್. 1972ರಲ್ಲಿ ಸ್ಥಾಪನೆಯಾದ ಪಿಂಪ್ರಿ-ಚಿಂಚ್ವಾಡ ನವನಗರ ವಿಕಾಸ ಪ್ರಾಧಿಕರಣ 2021ರಲ್ಲಿ ವಿಸರ್ಜನೆಯಾಯಿತು. ಅದು ಬೆಳೆಸಿದ ಬಡಾವಣೆಗಳ ಮನೆಗಳು ಹಳತಾಗಿವೆ. 2019ರ ಜುಲೈ 4ರ ಸರಕಾರಿ ನಿರ್ಣಯದಂತೆ ಸಹಕಾರಿ ಹೌಸಿಂಗ್ ಸೊಸೈಟಿಯ ಒಟ್ಟು ಸದಸ್ಯರಲ್ಲಿ ಶೇ. 51 ಮಂದಿ ಒಪ್ಪಿದರೆ ಪುನರ್ನಿರ್ಮಾಣಕ್ಕೆ ಹೋಗಬಹುದು. ಇದೂ ಬೇಕು-ಬೇಡದ ಮತದಾನ. ಒಮ್ಮೆ ಕಟ್ಟಡ ಕೆಡವಿದ ಮೇಲೆ ತಿರುಗಿ ಬರುವ ದಾರಿ ಇಲ್ಲ.

ಕೈ ಎತ್ತುವವರು ಯಾರು, ಎತ್ತದವರು ಯಾರು ಎಂದು ಗಮನಿಸಿ. ಮೂರನೇ ಮಹಡಿಯಲ್ಲಿರುವ ಮಂಡಿನೋವಿನ ಅಜ್ಜಿಗೆ ಲಿಫ್ಟ್ ಬೇಕು, ಆದ್ದರಿಂದ ಆಕೆ ಬೇಕು ಎನ್ನುತ್ತಾಳೆ. ಪಕ್ಕದ ಮನೆಯ ಅಜ್ಜ, ಮೂರು ವರ್ಷ ಬಾಡಿಗೆ ಮನೆಯಲ್ಲಿ ಅಲೆದು ಹೊಸ ಮನೆ ನೋಡುವಷ್ಟು ಆಯುಸ್ಸು ನನಗಿದೆಯೇ ಎಂದು ಬೇಡ ಎನ್ನುತ್ತಾನೆ. ಫ್ಲ್ಯಾಟನ್ನು ಬಾಡಿಗೆಗೆ ಕೊಟ್ಟು ಬೇರೆಡೆ ಇರುವವನಿಗೆ ಬೆಲೆ ಏರಿದರೆ ಸಾಕು. ಗೃಹಸಾಲದ ಕಂತು ಬಾಕಿ ಇರುವವನಿಗೆ ಬಿಲ್ಡರ್ ಮಧ್ಯದಲ್ಲಿ ಕೈಬಿಟ್ಟರೆ ಎಂಬ ಭಯ. ಸ್ಕಾಟ್ಲೆಂಡಿನ ಪಿಂಚಣಿದಾರನ ಭಯವೂ ನಿಗಡಿಯ ಪಿಂಚಣಿದಾರನ ಭಯವೂ ಒಂದೇ ಜಾತಿಯದು. ಇಪ್ಪತ್ತು ವರ್ಷ ಅಲ್ಲೇ ಬಾಡಿಗೆಗೆ ಇದ್ದವನಿಗೆ ಮಾತ್ರ ಸಭೆಯಲ್ಲಿ ಮತವಿಲ್ಲ.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಕಂಡ ಒಂದು ಮಾತು ಹೇಳಬಹುದು. ಪಾಸ್‌ಬುಕ್ಕಿನಲ್ಲಿ ಸ್ವಲ್ಪ ಹಣ ಜಮೆಯಿರುವವನು ಹೊಸದಕ್ಕೆ ಧೈರ್ಯ ಮಾಡುತ್ತಾನೆ. ತಿಂಗಳ ಕೊನೆಗೆ ಕನಿಷ್ಠ ಬಾಕಿಯೂ ಉಳಿಯದವನು ಇದ್ದದ್ದೇ ಇರಲಿ ಎನ್ನುತ್ತಾನೆ. ಅದನ್ನು ಹಿಂಜರಿಕೆ ಎಂದು ಜರೆಯಬಾರದು. ಒಂದು ಪೆಟ್ಟು ಬಿದ್ದರೆ ಎದ್ದು ನಿಲ್ಲುವ ಶಕ್ತಿ ಅವನ ಬಳಿ ಇರುವುದಿಲ್ಲ. ತೀರ ಕಳೆದುಕೊಳ್ಳಲು ಏನೂ ಉಳಿಯದವನು ಮಾತ್ರ, ಜತ್‌ನ ರೈತನ ಹಾಗೆ, ಇದ್ದ ಮನೆಯನ್ನೇ ಬಿಡುತ್ತೇನೆ ಎನ್ನುತ್ತಾನೆ.

ಸಂಘಗಳು ಮಾಡಬಹುದಾದ ಕೆಲಸ

ಯಾರಿಗೆ ಮತ ಹಾಕಬೇಕೆಂದು ಸದಸ್ಯರಿಗೆ ಹೇಳುವುದು ಕನ್ನಡ ಸಂಘದ ಕೆಲಸವಲ್ಲ. ಆದರೆ ಮಾಡಬಹುದಾದ ಕೆಲಸಗಳು ಬೇರೆ ಇವೆ. ಮೊದಲನೆಯದಾಗಿ, ನಮ್ಮ ಕೂಲಿ ಕಾರ್ಮಿಕ ಬಾಂಧವರ, ಹೋಟೆಲ್ ಕಾರ್ಮಿಕರ, ಹೊಸದಾಗಿ ಮದುವೆಯಾಗಿ ಬಂದ ಹೆಣ್ಣುಮಕ್ಕಳ ಹೆಸರು ಮತದಾರರ ಪಟ್ಟಿಯಲ್ಲಿದೆಯೇ ಎಂದು ನೋಡುವುದು. ಊರಿನಲ್ಲೂ ಇಲ್ಲ, ಇಲ್ಲಿಯೂ ಇಲ್ಲ ಎಂಬಂತಾದರೆ ಅವರು ಗೋವಾದ ಮುಂಬಯಿಕರರ, ಸಿಲ್ಹೆಟ್‌ನ ಚಹಾತೋಟದವರ ಸಾಲಿಗೆ ಸೇರುತ್ತಾರೆ. ಹೆಸರು ಒಂದೇ ಕಡೆ ಇರಬೇಕು ಎಂಬ ಕಾನೂನನ್ನೂ ತಿಳಿಸಿ ಹೇಳಬೇಕು. ಎರಡನೆಯದಾಗಿ, ಸೊಸೈಟಿಯ ನೋಟೀಸು, ಬಿಲ್ಡರನ ಕರಾರು, ವಾರ್ಡಿನ ಅರ್ಜಿ ಇವೆಲ್ಲ ಮರಾಠಿ ಅಥವಾ ಇಂಗ್ಲಿಷಿನಲ್ಲಿ ಬರುತ್ತವೆ. ತಿಂಗಳಿಗೊಂದು ಭಾನುವಾರ ವಕೀಲರು, ಲೆಕ್ಕ ಪರಿಶೋಧಕರು, ನಿವೃತ್ತ ಬ್ಯಾಂಕ್ ನೌಕರರು ಕುಳಿತು ಅವನ್ನು ಕನ್ನಡದಲ್ಲಿ ಓದಿ ಹೇಳಿದರೆ, ಸನ್ಮಾನ ಸಮಾರಂಭದ ಹತ್ತು ಶಾಲುಗಳಿಗಿಂತ ಹೆಚ್ಚಿನ ಉಪಕಾರವಾದೀತು. ಮೂರನೆಯದಾಗಿ, ಗಡಿಯ ಕನ್ನಡಿಗರ ಬಗ್ಗೆ ನವೆಂಬರ್ ಒಂದರಂದು ಮಾತನಾಡುವಾಗ ಬಾವುಟದ ಜತೆ ಅವರ ಶಾಲೆಯ ಮೇಷ್ಟ್ರ ಹುದ್ದೆ, ಕೆರೆಯ ನೀರು, ಬಸ್ಸಿನ ಸೌಕರ್ಯದ ಮಾತೂ ಬರಲಿ. ಅವರು ಮೊದಲು ಕೇಳಿದ್ದೂ ಅದನ್ನೇ.

ಗೋವಾದ ಸಾಮಾನ್ಯ ಮತದಾರ 1967ರ ಜನವರಿಯಲ್ಲಿ ಒಂದು ಗುರುತಿಗೆ, ಮಾರ್ಚ್‌ನಲ್ಲಿ ಇನ್ನೊಂದು ಗುರುತಿಗೆ ಮುದ್ರೆ ಒತ್ತಿ ಎರಡು ಕಡೆಯ ನಾಯಕರಿಗೂ ಪಾಠ ಹೇಳಿದ. ಅವನಿಗೆ ಬೇಕಾಗಿದ್ದು ಅರ್ಥವಾಗುವ ಭಾಷೆಯಲ್ಲಿ ವಿಷಯ, ಗುಪ್ತವಾಗಿ ಒತ್ತಲು ಒಂದು ಮುದ್ರೆ ಮತ್ತು ಪಟ್ಟಿಯಲ್ಲಿ ತನ್ನ ಹೆಸರು. ಇವುಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ನಮ್ಮವರಿಗೆ ಒದಗಿಸಿಕೊಡುವುದು ಸಂಘಗಳ ಕೈಯಲ್ಲೇ ಇದೆ. ಮುಂದಿನ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಈ ವಿಷಯ ಕಾರ್ಯಸೂಚಿಗೆ ಬರಲಿ ಎಂದು ಆಶಿಸೋಣ.